ಕಲಾದಗಿಯ ಕಲ್ಲು, ಕಲ್ಲಿನ ದೂಳು

ಬಾಗಲಕೋಟೆಯಿಂದ ಪಶ್ಚಿಮಕ್ಕೆ ಲೋಕಾಪುರದ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಕಲಾದಗಿ ಬರುತ್ತದೆ. ಘಟಪ್ರಭಾ ನದಿಯ ದಂಡೆಯ ಮೇಲಿನ ಊರು. ಬಸ್ಸಿನಲ್ಲಿ ಹಾದುಹೋಗುವವರಿಗೆ ಇದು ಹಣ್ಣಿನ ಊರು. ಇಲ್ಲಿನ ಚಿಕ್ಕು, ದಾಳಿಂಬೆ ದೂರದ ಪೇಟೆಗಳಿಗೆ ಹೋಗುತ್ತವೆ. ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಇದೇ ಮುಖ್ಯ ಪಟ್ಟಣವಾಗಿತ್ತು ಎಂದರೆ ಈಗಿನ ಹುಡುಗರು ನಂಬಲಾರರು. 1880ರ ದಶಕದಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು. ಊರಿನ ದರ್ಬಾರು ಮುಗಿಯಿತು. ಆದರೆ ಹೆಸರು ಮಾತ್ರ ಭೂವಿಜ್ಞಾನದ ಪುಸ್ತಕಗಳಲ್ಲಿ ಗಟ್ಟಿಯಾಗಿ ಉಳಿಯಿತು.

ಇದಕ್ಕೆ ಕಾರಣರಾದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಈ ಅಧಿಕಾರಿ ದಕ್ಷಿಣ ಮರಾಠಾ ಸೀಮೆಯ ಶಿಲೆಗಳ ಕುರಿತು ಬರೆದ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಇಲ್ಲಿನ ಮರಳುಗಲ್ಲು, ಬೆಣಚುಕಲ್ಲು, ಸುಣ್ಣಕಲ್ಲು, ಜೇಡಿಕಲ್ಲುಗಳ ಪದರಗಳನ್ನು ಅವರು ಕಲಾದಗಿಯ ಹೆಸರಿನಿಂದ ಕರೆದರು. ಇಂದು ಅದನ್ನು ಕಲಾದಗಿ ಮಹಾಸಮೂಹ ಎನ್ನುತ್ತಾರೆ. ಅದರೊಳಗೆ ಕೆಳಗಿನದು ಬಾಗಲಕೋಟೆ ಗುಂಪು, ಮೇಲಿನದು ಬಾದಾಮಿ ಗುಂಪು. ಕೆಳಗಿನ ಪದರಗಳ ವಯಸ್ಸು ನೂರು ಕೋಟಿ ವರ್ಷಗಳಿಗೂ ಹೆಚ್ಚು. ಆಗ ಭೂಮಿಯ ಮೇಲೆ ಮರವಿರಲಿಲ್ಲ, ಮೀನಿರಲಿಲ್ಲ. ಆಳವಿಲ್ಲದ ನೀರಿನ ತಳದಲ್ಲಿ ಮರಳು ಕೂತು, ಒತ್ತಿ, ಬೆಸೆದು ಕಲ್ಲಾಯಿತು. ಕೆಲವು ಕಡೆ ಬೆಣಚುಕಲ್ಲಿನ ಹಾಸಿನ ಮೇಲೆ ಆ ನೀರಿನ ಅಲೆಗಳು ಮೂಡಿಸಿದ ಗೆರೆಗಳು ನಿನ್ನೆ ಮೂಡಿದಂತೆ ಕಾಣುತ್ತವೆ.

ಈ ಕಲ್ಲುಗಳ ಕಥೆಯನ್ನು ಇಲ್ಲಿಗೇ ಬಿಟ್ಟರೆ ಅದು ಪ್ರವಾಸಿಗರ ಕಥೆಯಾಗುತ್ತದೆ. ಆದರೆ ಈ ಸೀಮೆಯ ಕಲ್ಲು ನೋಡುವುದಕ್ಕಷ್ಟೇ ಇಲ್ಲ, ಕಡಿಯುವುದಕ್ಕೂ ಇದೆ. ರಸ್ತೆಗೆ ಖಡಿ ಬೇಕು, ಮನೆಗೆ ಅಡಿಪಾಯದ ಕಲ್ಲು ಬೇಕು, ಸಿಮೆಂಟಿಗೆ ಸುಣ್ಣಕಲ್ಲು ಬೇಕು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳು ಮುಳುಗಿ ನವನಗರ ಎದ್ದಾಗಲೂ ಕಲ್ಲು ಬೇಕಾಯಿತು. ಬೆಳಗಾದರೆ ಬುತ್ತಿ ಕಟ್ಟಿಕೊಂಡು ಖಣಿಗೆ ಹೋಗುವ ಮನೆಗಳು ಈ ಭಾಗದಲ್ಲಿ ತಲೆತಲಾಂತರದಿಂದ ಇವೆ. ಕಲ್ಲು ಯಾವುದು ಎಂದು ತಿಳಿದರೆ, ಅದನ್ನು ಒಡೆಯುವವನಿಗೆ ಯಾವ ಪೆಟ್ಟು ಬೀಳಬಹುದು ಎಂಬುದೂ ಅರ್ಧ ತಿಳಿದ ಹಾಗೆ. ಶಾಲೆಯಲ್ಲಿ ಕಲಿತ ವಿಜ್ಞಾನ ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ.

ಮೊದಲು ಕಣ್ಣಿಗೆ ಕಾಣುವ ಪೆಟ್ಟು. ಕಲಾದಗಿ ಶಿಲೆಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿವೆ. ಈ ಪದರಗಳನ್ನು ಮೇಲಿಂದ ಕೆಳಕ್ಕೆ ಕತ್ತರಿಸುವ ಬಿರುಕುಗಳೂ ಇವೆ. ಬಾದಾಮಿಯ ಉತ್ತರ ಕೋಟೆಗೆ ಹತ್ತುವಾಗ ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ನಡೆದವರಿಗೆ ಅಂಥ ಬಿರುಕು ಎಷ್ಟು ದೊಡ್ಡದಾಗಬಲ್ಲದು ಎಂದು ಗೊತ್ತು. ಒಂದು ಅಡ್ಡ ಪದರ, ಎರಡು ನೆಟ್ಟ ಬಿರುಕು ಕೂಡಿದರೆ ಅಲ್ಲಿ ಒಂದು ಕಲ್ಲಿನ ಪೆಟ್ಟಿಗೆ ತಯಾರಾದಂತೆ. ಕೆಳಗಿನ ಆಧಾರ ತೆಗೆದರೆ ಸಾಕು, ಉದುರುತ್ತದೆ. ಮಳೆಗಾಲದಲ್ಲಿ ಬಿರುಕಿಗೆ ನೀರು ಇಳಿದರೆ ಇನ್ನೂ ಬೇಗ.

ಖಣಿಗಳಲ್ಲಿ ಆಗುವುದು ಹೆಚ್ಚಾಗಿ ಇದೇ. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬರಬೇಕಾದ ಕೆಲಸವನ್ನು ಕೆಳಗಿನಿಂದ ಕೊರೆಯುತ್ತ ಹೋಗುತ್ತಾರೆ. ಮೇಲಿನ ಮಣ್ಣು ತೆಗೆಯುವ ಖರ್ಚು ಉಳಿಯುತ್ತದೆ, ಕಲ್ಲು ಬೇಗ ಕೈಗೆ ಬರುತ್ತದೆ. ಗೋಡೆ ಮಾತ್ರ ದಿನದಿಂದ ದಿನಕ್ಕೆ ಎತ್ತರವಾಗುತ್ತದೆ. 1961ರ ಮೆಟಲಿಫೆರಸ್ ಗಣಿ ನಿಯಮಾವಳಿ ಗಟ್ಟಿ ಕಲ್ಲಿನಲ್ಲೂ ಒಂದು ಮೆಟ್ಟಿಲಿನ ಎತ್ತರ 6 ಮೀಟರು ಮೀರಬಾರದು ಎಂದಿತು. ಅಂಚಿನಿಂದ 3 ಮೀಟರಿನೊಳಗೆ ಸಡಿಲ ಕಲ್ಲು, ಮರ, ಕಸ ಇರಕೂಡದು ಎಂದಿತು. ಗೋಡೆಯ ಬುಡ ಕೊರೆಯುವುದನ್ನು ನಿಷೇಧಿಸಿತು.

ಈ 6 ಮೀಟರು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಬಹುದು. ಒಂಬತ್ತನೆಯ ತರಗತಿಯ ಚಲನೆಯ ಸಮೀಕರಣ ತೆಗೆದುಕೊಳ್ಳಿ. 6 ಮೀಟರು ಎತ್ತರದಿಂದ ಜಾರಿದ ಕಲ್ಲು ನೆಲ ಮುಟ್ಟುವಾಗ ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿರುತ್ತದೆ. 20 ಮೀಟರಿನಿಂದ ಬಿದ್ದರೆ ಗಂಟೆಗೆ 71 ಕಿ.ಮೀ.; ಬೀಳಲು ಬೇಕಾದ ಸಮಯ ಎರಡೇ ಸೆಕೆಂಡು. ಸುಲಿದ ತೆಂಗಿನಕಾಯಿ ಗಾತ್ರದ ಕಲ್ಲು ಎರಡು ಕಿಲೋ ಮೀರಿ ತೂಗುತ್ತದೆ. ಒಂದು ಮೀಟರು ಉದ್ದ, ಅಗಲ, ಎತ್ತರದ ಗ್ರಾನೈಟ್ ತುಂಡು ಸುಮಾರು 2,650 ಕಿಲೋ. ಹೆಲ್ಮೆಟ್ ಬೇಕೇ ಬೇಕು, ಸಣ್ಣ ಚೂರುಗಳಿಂದ ಅದು ತಲೆ ಉಳಿಸುತ್ತದೆ. ಆದರೆ ಬಂಡೆಗೆ ಹೆಲ್ಮೆಟ್ ಉತ್ತರವಲ್ಲ. ಎತ್ತರ ಕಡಿಮೆ ಮಾಡುವುದೇ ಉತ್ತರ. ಕೆಲಸ ಶುರುವಾಗುವ ಮೊದಲು ಅನುಭವಿಯೊಬ್ಬ ಮೇಲಿನಿಂದ ಹಾರೆ ಹಾಕಿ ಸಡಿಲ ಕಲ್ಲುಗಳನ್ನು ಕೆಡವಬೇಕು. ಹಾರೆಯಿಂದ ಬಡಿದಾಗ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಸೀಳಿದ ಕಲ್ಲು ದಬ್ ಎನ್ನುತ್ತದೆ. ಹಳೆಯ ಕಲ್ಲುಕುಟಿಗರ ಕಿವಿಗೆ ಇದು ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ಕಂಪ್ರೆಸರಿನ ಪಕ್ಕದಲ್ಲಿ ನಿಂತ ಕಿವಿಗೆ ಈ ವ್ಯತ್ಯಾಸ ಕೇಳಿಸದೆ ಹೋಗುವುದೂ ಉಂಟು ಎಂಬುದು ಬೇರೆ ಮಾತು.

ಗೋಡೆ ಕುಸಿಯುವುದು ಬರಿಯ ಪುಸ್ತಕದ ಭಯವಲ್ಲ. 2022ರ ಮಾರ್ಚ್ 4ರಂದು ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಗುಡ್ಡ ಜರಿದು ಮೂವರು ಕಾರ್ಮಿಕರು ಸತ್ತರು. ದುಡಿಯಲು ದೂರದ ಉತ್ತರ ಭಾರತದಿಂದ ಬಂದವರು ಅವರು.

ಎರಡನೆಯದು ಮದ್ದು. ಈಗ ಕ್ವಾರಿಗಳಲ್ಲಿ ಬಾಯಿಮಾತಿಗೆ ಜಿಲೆಟಿನ್ ಎನ್ನುವ ಕಡ್ಡಿಗಳಲ್ಲಿ ಬಹುಪಾಲು ಅಮೋನಿಯಂ ನೈಟ್ರೇಟ್ ಆಧಾರಿತ ಸ್ಫೋಟಕಗಳೇ. ಹಿಂದೆ ನೈಟ್ರೋಗ್ಲಿಸರಿನ್ ಇರುತ್ತಿತ್ತು. ಆಲ್ಫ್ರೆಡ್ ನೊಬೆಲ್ ಅವರ ತಮ್ಮ ಎಮಿಲ್ 1864ರಲ್ಲಿ ಸತ್ತದ್ದು ಅದೇ ದ್ರವದ ಸ್ಫೋಟದಲ್ಲಿ. ಆಮೇಲೆ ನೊಬೆಲ್ ಅದನ್ನು ಒಂದು ಬಗೆಯ ಸಿಲಿಕಾ ಮಣ್ಣಿಗೆ ಹೀರಿಸಿ 1867ರಲ್ಲಿ ಡೈನಮೈಟ್ ಮಾಡಿದರು. ಸಿಲಿಕಾ ಆ ಸ್ಫೋಟಕವನ್ನು ಪಳಗಿಸಿತು. ಅದೇ ಸಿಲಿಕಾ ಕಲ್ಲಿನ ದೂಳಿನ ರೂಪದಲ್ಲಿ ಮಾಡುವ ಕೆಲಸ ಬೇರೆ. ಅದಕ್ಕೆ ಮುಂದೆ ಬರೋಣ.

ಸ್ಫೋಟದಲ್ಲಿ ಹಾರುವ ಕಲ್ಲು ಎಷ್ಟು ದೂರ ಹೋದೀತು? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 45 ಡಿಗ್ರಿ ಕೋನದಲ್ಲಿ ಸೆಕೆಂಡಿಗೆ 54 ಮೀಟರು ವೇಗದಿಂದ ಸಿಡಿದ ಚೂರು ಸುಮಾರು 300 ಮೀಟರು ಹೋಗಿ ಬೀಳುತ್ತದೆ. ಅಷ್ಟು ವೇಗ ಸ್ಫೋಟಕ್ಕೆ ದೊಡ್ಡದಲ್ಲ. 1961ರ ನಿಯಮಾವಳಿ ಸ್ಫೋಟದ ಸುತ್ತಲಿನ ಅಪಾಯದ ವಲಯವನ್ನು 300 ಮೀಟರು ಎಂದೇ ಗುರುತಿಸಿತ್ತು. ಎಚ್ಚರಿಕೆ ಕೂಗಿದ ಮೇಲೂ ಕುರಿ ಮೇಯಿಸುವ ಹುಡುಗ, ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳು ಆ ವಲಯದೊಳಗೆ ಉಳಿದಿಲ್ಲ ಎಂದು ನೋಡಿಕೊಳ್ಳಬೇಕಾದವರು ಕ್ವಾರಿಯವರೇ. ಕೆಲವೊಮ್ಮೆ ತುಂಬಿದ ಮದ್ದಿನಲ್ಲಿ ಒಂದೆರಡು ಸಿಡಿಯದೆ ಕುಳಿಯಲ್ಲೇ ಉಳಿಯುತ್ತದೆ. ಅರ್ಧ ತಯಾರಾದ ಹಳೆಯ ಕುಳಿ ಸಿಕ್ಕಿತೆಂದು ಅಲ್ಲೇ ಮತ್ತೆ ಡ್ರಿಲ್ ಇಟ್ಟವರು ಬದುಕುವುದು ಅಪರೂಪ. ಹಳೆಯ ಕುಳಿಯಲ್ಲಿ ಮರಳಿ ಕೊರೆಯುವುದನ್ನು ನಿಯಮ ಪೂರ್ತಿ ನಿಷೇಧಿಸಿರುವುದು ಇದಕ್ಕೇ. ಖಣಿಯ ಬಳಿ ಬಿದ್ದ ಕೇಪು, ಅಂದರೆ ಬಣ್ಣದ ತಂತಿ ಅಂಟಿದ ಬೆರಳುದ್ದದ ಹೊಳೆಯುವ ಕೊಳವೆ, ಮಕ್ಕಳಿಗೆ ಆಟಿಕೆಯಂತೆ ಕಾಣುತ್ತದೆ. ಮುಟ್ಟದೆ ದೊಡ್ಡವರಿಗೆ ಹೇಳಬೇಕು. ಅದು ಬೆರಳುಗಳನ್ನೂ ಕಣ್ಣನ್ನೂ ಒಟ್ಟಿಗೇ ಕೊಂಡೊಯ್ಯಬಲ್ಲದು.

ಕರ್ನಾಟಕ ಈ ವಿಷಯದಲ್ಲಿ 2021ರಲ್ಲಿ ಎರಡು ಸಲ ಬೆಚ್ಚಿಬಿದ್ದಿತು. ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಕ್ರಷರ್ ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ಪಕ್ಕದ ಜಿಲ್ಲೆಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು. ಕನಿಷ್ಠ ಐವರು ಸತ್ತರು. ತಿಂಗಳೊಂದು ಕಳೆದಿತ್ತು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಹೋದರು. ಎರಡೂ ಕಡೆ ಸ್ಫೋಟ ಆದದ್ದು ಕಲ್ಲು ಒಡೆಯುವಾಗ ಅಲ್ಲ, ಮದ್ದನ್ನು ಸಾಗಿಸುವ, ಇಡುವ, ಮರೆಮಾಚುವ ಗಳಿಗೆಯಲ್ಲಿ ಎಂಬುದನ್ನು ಗಮನಿಸಬೇಕು.

ಇಂಥ ಸುದ್ದಿ ಮುಖಪುಟಕ್ಕೆ ಬರುತ್ತದೆ. ಕಲಾದಗಿಯ ಕಲ್ಲು ಕೊಡುವ ಇನ್ನೊಂದು ಪೆಟ್ಟು ಯಾವ ಪುಟಕ್ಕೂ ಬರುವುದಿಲ್ಲ.

ಅದನ್ನು ತಿಳಿಯಲು ಬಾದಾಮಿ, ಪಟ್ಟದಕಲ್ಲಿನ ಕಡೆ ಹೋಗಬೇಕು. ಬಾದಾಮಿಯ ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578, ಐಹೊಳೆಯ ಮೇಗುತಿ ಗುಡಿಯ ಶಾಸನದ್ದು 634. ಅಷ್ಟು ಹಿಂದೆಯೇ ಇಲ್ಲಿನ ಕುಶಲಿಗಳು ಮರಳುಗಲ್ಲನ್ನು ಬೆಣ್ಣೆಯಂತೆ ಕಡೆದರು ಎಂದು ನಾವು ಹೊಗಳುತ್ತೇವೆ. ಗುಡಿಗಳಿಂದ ಸ್ವಲ್ಪ ದೂರ ಬಂಡೆಗಳ ನಡುವೆ ನಡೆದರೆ ಸಾಲಾಗಿ ಕೊರೆದ ಬೆಣೆಯ ಗುಳಿಗಳು ಈಗಲೂ ಕಾಣುತ್ತವೆ. ಗುಳಿಯಲ್ಲಿ ಬೆಣೆ ಇಟ್ಟು ಬಡಿದು, ಪದರಿನ ಗುಂಟ ಕಲ್ಲನ್ನು ಸೀಳುತ್ತಿದ್ದರು. ಮದ್ದಿಲ್ಲ, ಯಂತ್ರವಿಲ್ಲ. ಆದರೆ ಉಳಿಯ ಪ್ರತಿ ಏಟಿಗೂ ಒಂದು ಚಿಟಿಕೆ ದೂಳು ಏಳುತ್ತಿತ್ತು. ಆ ದೂಳನ್ನು ಮೂಗಿನ ಮುಂದೆಯೇ ಇಟ್ಟುಕೊಂಡು ದಿನವಿಡೀ ಕೂತವರ ಆಯುಸ್ಸು ಎಷ್ಟಿತ್ತೋ, ಯಾವ ಶಾಸನವೂ ಬರೆದಿಟ್ಟಿಲ್ಲ.

ಮರಳುಗಲ್ಲು ಎಂದರೆ ಬೆಸೆದ ಮರಳು. ಮರಳು ಎಂದರೆ ಬಹುಪಾಲು ಸ್ಫಟಿಕ, ಸಿಲಿಕಾನ್ ಡೈಆಕ್ಸೈಡ್. ಶುದ್ಧ ಬೆಣಚುಕಲ್ಲಿನಲ್ಲಿ ಸ್ಫಟಿಕ ನೂರಕ್ಕೆ ತೊಂಬತ್ತು ಮೀರುತ್ತದೆ. ಗ್ರಾನೈಟಿನಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ. ಒಳ್ಳೆಯ ಸುಣ್ಣಕಲ್ಲಿನಲ್ಲಿ ತೀರ ಕಡಿಮೆ. ಅಂದರೆ ಇದೇ ಜಿಲ್ಲೆಯಲ್ಲಿ, ಹತ್ತಾರು ಮೈಲಿಗಳ ಅಂತರದಲ್ಲಿ, ಒಂದೇ ಕೂಲಿಗೆ ಒಂದೇ ಕೆಲಸ ಮಾಡುವ ಇಬ್ಬರ ಎದೆಗೆ ಹೋಗುವ ದೂಳು ಬೇರೆ ಬೇರೆ. ಭೂವಿಜ್ಞಾನಿ ನಕ್ಷೆಯಲ್ಲಿ ಬಳಿಯುವ ಬಣ್ಣವನ್ನು ವೈದ್ಯರೂ ನೋಡಬೇಕು ಎನ್ನುವುದು ಅತಿಯಾದ ಮಾತಲ್ಲ.

ಕಣ್ಣಿಗೆ ಕಾಣುವ ದೂಳು ಅಷ್ಟು ಕೆಟ್ಟದ್ದಲ್ಲ. ಅದು ಮೂಗಿನ ಕೂದಲಿನಲ್ಲಿ, ಗಂಟಲಿನ ಲೋಳೆಯಲ್ಲಿ ಸಿಕ್ಕಿ ಹೊರಗೆ ಬರುತ್ತದೆ. ಕೆಟ್ಟದ್ದು ಕಾಣದ ದೂಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುವ ಕಣ 5 ಮೈಕ್ರಾನ್ ಇಲ್ಲವೇ ಅದಕ್ಕೂ ಸಣ್ಣದು. 5 ಮೈಕ್ರಾನಿನ ಸ್ಫಟಿಕ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ 2 ಮಿಲಿಮೀಟರಿನಂತೆ ಇಳಿಯುತ್ತದೆ. ಮೂಗಿನ ಎತ್ತರದಿಂದ ನೆಲಕ್ಕೆ ಬರಲು ಹನ್ನೆರಡು ನಿಮಿಷ ಬೇಕು. ಒಂದು ಮೈಕ್ರಾನಿನದಕ್ಕೆ ಐದು ಗಂಟೆ. ದೂಳು ಕೂತಿತು ಎಂದು ಊಟಕ್ಕೆ ಕೂತವನ ಸುತ್ತ ಅದು ಇನ್ನೂ ತೇಲುತ್ತಲೇ ಇರುತ್ತದೆ.

ಗಾಳಿಚೀಲದೊಳಗೆ ಬಂದ ಅನ್ಯವಸ್ತುವನ್ನು ನುಂಗಿ ತೆಗೆಯಲು ದೇಹದಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಿವೆ. ಅವು ಸ್ಫಟಿಕದ ಕಣವನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಕೋಶವೇ ಸಾಯುತ್ತದೆ. ಒಳಗಿನ ಕಣ ಹೊರಬಿದ್ದು ಇನ್ನೊಂದು ಕೋಶದ ಬಾಯಿಗೆ ಹೋಗುತ್ತದೆ. ಸತ್ತ ಕೋಶಗಳ ಜಾಗದಲ್ಲಿ ನಾರು ಬೆಳೆಯುತ್ತದೆ, ಗಂಟಾಗುತ್ತದೆ. ಸ್ಪಂಜಿನಂತೆ ಇರಬೇಕಾದ ಪುಪ್ಪುಸ ತೊಗಲಿನಂತಾಗುತ್ತದೆ. ಇದೇ ಸಿಲಿಕೋಸಿಸ್. ಬಹುಮಟ್ಟಿಗೆ ಹತ್ತು, ಇಪ್ಪತ್ತು ವರ್ಷ ದುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ದೂಳು ತೀರ ಹೆಚ್ಚಾಗಿದ್ದರೆ ಅದಕ್ಕೂ ಮುಂಚೆ. ಒಮ್ಮೆ ಬಂದದ್ದನ್ನು ವಾಸಿಮಾಡುವ ಔಷಧ ಇಲ್ಲ. ಖಣಿ ಬಿಟ್ಟ ಮೇಲೂ ಮುಂದುವರಿಯಬಹುದು. ಕ್ಷಯ ತಗಲುವ ಸಾಧ್ಯತೆಯನ್ನು ಅದು ಬಹಳ ಹೆಚ್ಚಿಸುತ್ತದೆ. ಕೆಮ್ಮು, ಏದುಸಿರು, ತೂಕ ಇಳಿಯುವುದು ಎಲ್ಲ ಎರಡಕ್ಕೂ ಸಾಮಾನ್ಯವಾದ್ದರಿಂದ ಸಿಲಿಕೋಸಿಸ್ ಆದವನಿಗೆ ಬರಿಯ ಕ್ಷಯದ ಗುಳಿಗೆ ಕೊಟ್ಟು ಕಳಿಸುವುದೂ ನಡೆಯುತ್ತದೆ.

ಇದು ಹೊಸ ಸಂಶೋಧನೆಯೇನಲ್ಲ. ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿಯೇ ಕಲ್ಲುಕುಟಿಗರ ಕೆಮ್ಮು, ಉಬ್ಬಸಗಳ ಬಗ್ಗೆ ಬರೆದರು. ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ರೋಗ ಇರುವ ವರದಿ 1947ರಲ್ಲಿ ಬಂತು. ಭಾರತದಲ್ಲಿ ಇದು ಮೊದಲು ದಾಖಲಾದದ್ದು ಅಲ್ಲಿ ಎಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಕೋಲಾರದ್ದು ದೊಡ್ಡ ಗಣಿ. ಅಲ್ಲಿ ಆಸ್ಪತ್ರೆಯಿತ್ತು, ಎಕ್ಸ್‌ರೇ ಇತ್ತು, ಹಾಜರಿ ಪುಸ್ತಕವಿತ್ತು. ಆದ್ದರಿಂದ ರೋಗ ಕಂಡಿತು. ಹತ್ತಿಪ್ಪತ್ತು ಮಂದಿ ದುಡಿಯುವ ಕಲ್ಲಿನ ಖಣಿಯಲ್ಲಿ ಇದ್ಯಾವುದೂ ಇಲ್ಲದಿದ್ದರೆ ರೋಗ ಇಲ್ಲವೆಂದು ಅರ್ಥವಲ್ಲ.

ಪರಿಹಾರ ಏನು? ಮೊದಲ ಉತ್ತರ ನೀರು. ಡ್ರಿಲ್ಲಿನ ಸಲಾಕೆಯೊಳಗಿನ ರಂಧ್ರದಿಂದ ನೀರು ಹರಿಸಿ ಕೊರೆದರೆ ದೂಳು ಹುಟ್ಟಿದಲ್ಲೇ ಕೆಸರಾಗುತ್ತದೆ. ಕ್ರಷರಿಗೆ ಕಲ್ಲು ಸುರಿಯುವ ಬಾಯಿಯಲ್ಲಿ, ಖಡಿ ಬೀಳುವ ಪಟ್ಟಿಯ ತುದಿಯಲ್ಲಿ ನೀರಿನ ಸಿಂಪಡಣೆ ಬೇಕು, ಪಟ್ಟಿಗೆ ಮುಚ್ಚಳ ಬೇಕು. ವರ್ಷಕ್ಕೆ ಸರಾಸರಿ ಆರುನೂರು ಮಿಲಿಮೀಟರಿನೊಳಗೆ ಮಳೆ ಬೀಳುವ ಈ ಬಯಲುಸೀಮೆಯಲ್ಲಿ ಕುಡಿಯುವುದಕ್ಕೇ ನೀರು ಸಾಲದು, ಕಲ್ಲಿಗೆ ಎಲ್ಲಿಂದ ಎನ್ನುವ ಮಾತಿದೆ. ಹಳೆಯ ಖಣಿಗಳ ತಗ್ಗಿನಲ್ಲಿ ನಿಂತ ಮಳೆನೀರು ಕೊರೆಯುವ ಕೆಲಸಕ್ಕೆ ಸಾಕು, ಅದನ್ನು ಎತ್ತುವ ಪಂಪಿನ ಖರ್ಚು ಮಾತ್ರ ಮಾಲೀಕರದ್ದು.

ಬಾಯಿಗೆ ಸುತ್ತಿದ ಟವೆಲು, ಸೆರಗು ದಪ್ಪ ದೂಳನ್ನಷ್ಟೇ ತಡೆಯುತ್ತವೆ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂತರೆ ಸೂಕ್ಷ್ಮ ಕಣಗಳನ್ನೂ ಹಿಡಿಯುತ್ತದೆ. ಆದರೆ ಏಪ್ರಿಲ್ ತಿಂಗಳ ನಲವತ್ತು ಡಿಗ್ರಿ ಬಿಸಿಲಿನಲ್ಲಿ, ಕಾದ ಬಂಡೆಯ ಎದುರು ನಿಂತು ಸುತ್ತಿಗೆ ಎತ್ತುವವನು ಅದನ್ನು ಎಷ್ಟು ಹೊತ್ತು ಹಾಕಿಕೊಂಡಾನು? ಮಾಸ್ಕು ಕೊಟ್ಟೆವು, ಅವರೇ ಹಾಕಲಿಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ನೀರು ಮೊದಲು, ಮಾಸ್ಕು ಆಮೇಲೆ. ಬಟ್ಟೆಯ ದೂಳು ಮನೆಗೂ ಬರುತ್ತದೆ. ಅದನ್ನು ಅಂಗಳದಲ್ಲಿ ಕೊಡವಬಾರದು, ನೀರಿನಲ್ಲಿ ಅದ್ದಿ ಬೇರೆಯಾಗಿ ಒಗೆಯಬೇಕು. ಕೊಡವುವವರು ಹೆಚ್ಚಾಗಿ ತಾಯಂದಿರು, ಪಕ್ಕದಲ್ಲಿ ಕೂಸು.

ಪೂರ್ವಕ್ಕೆ ಹುನಗುಂದ ದಾಟಿ ಇಳಕಲ್ಲಿಗೆ ಬಂದರೆ ಕಲ್ಲೇ ಬದಲಾಗುತ್ತದೆ. ಕಲಾದಗಿ ಪದರಗಳು ಮುಗಿದು, ಅವುಗಳ ಅಡಿಯಲ್ಲಿದ್ದ ಇನ್ನೂ ಹಳೆಯ ಗ್ರಾನೈಟ್ ಮೇಲೆ ಬರುತ್ತದೆ. ಸೀರೆಯಷ್ಟೇ ಹೆಸರು ಮಾಡಿದ ಕೆಂಪು ಕಲ್ಲು. ಇಲ್ಲಿ ಪುಡಿಮಾಡಿದರೆ ನಷ್ಟ, ಅಖಂಡ ತುಂಡು ಬೇಕು. ಆದ್ದರಿಂದ ವಜ್ರದ ಮಣಿ ಪೋಣಿಸಿದ ತಂತಿಯನ್ನು ನೀರು ಹರಿಸುತ್ತ ಕಲ್ಲಿನ ಸುತ್ತ ಓಡಿಸಿ ಕತ್ತರಿಸುತ್ತಾರೆ. ದೂಳು ಕಡಿಮೆ, ಮದ್ದು ಕಡಿಮೆ. ಅಪಾಯದ ವೇಷ ಮಾತ್ರ ಬೇರೆ. ಬಿಗಿದ ತಂತಿ ಹರಿದರೆ ಮಣಿಗಳು ಗುಂಡಿನಂತೆ ಸಿಡಿಯುತ್ತವೆ. ಆ ತಂತಿಯ ನೇರಕ್ಕೆ ಯಾರೂ ನಿಲ್ಲಕೂಡದು. ಹತ್ತಾರು ಟನ್ ತುಂಡನ್ನು ಕ್ರೇನು ಎತ್ತುವಾಗ ಅದರ ಕೆಳಗೆ, ಪಕ್ಕಕ್ಕೆ ಹಾಯಬಾರದು. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ಸುತ್ತಿ ಜನರ ಚಟಗಳನ್ನು ಭಿಕ್ಷೆ ಬೇಡಿದ ಮಹಾಂತ ಜೋಳಿಗೆಯ ಹೆಸರು ಈ ಭಾಗದಲ್ಲಿ ಕೇಳದವರಿಲ್ಲ. ಖಣಿಯವರಿಗೆ ಅದು ಇಮ್ಮಡಿ ಅನ್ವಯಿಸುತ್ತದೆ: ಕುಡಿದವನ ಕೈಯಲ್ಲಿ ಮದ್ದು ಇರಬಾರದು, ಕಲ್ಲಿನ ದೂಳು ತುಂಬಿದ ಎದೆಗೆ ಬೀಡಿಯ ಹೊಗೆ ಸೇರಬಾರದು.

ಕೆಲಸ ಮುಗಿದ ಖಣಿಯೂ ಕೊಲ್ಲುತ್ತದೆ. ಮಳೆನೀರು ತುಂಬಿದ ತಗ್ಗು ಬೇಸಿಗೆ ರಜೆಯಲ್ಲಿ ಹುಡುಗರಿಗೆ ಈಜುಕೊಳದಂತೆ ಕಾಣುತ್ತದೆ. ಕೆರೆಗೆ ಇಳಿಜಾರು ದಂಡೆ ಇರುತ್ತದೆ, ಖಣಿಗೆ ಇರುವುದಿಲ್ಲ; ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಮೂವತ್ತು ಅಡಿ. ಹಿಡಿದು ಹತ್ತಲು ಪಾಚಿಗಟ್ಟಿದ ನೆಟ್ಟ ಕಲ್ಲು. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಹೋಗುವುದು ಇಂಥಲ್ಲೇ. ಕೈಗೆ ಸಿಕ್ಕ ಹಗ್ಗ, ಸೀರೆ, ಗಾಳಿ ತುಂಬಿದ ಟ್ಯೂಬು ಎಸೆಯಬೇಕೇ ಹೊರತು ಜಿಗಿಯಬಾರದು. ಸುತ್ತ ಬೇಲಿ ಹಾಕುವುದು ಗುತ್ತಿಗೆ ಪಡೆದವರ ಹೊಣೆ. ಹಾಕದಿದ್ದರೆ ಗ್ರಾಮ ಪಂಚಾಯ್ತಿಗೆ ಊರವರು ಬರೆದು ಕೊಡಬಹುದು.

ಕಾನೂನಿನ ಮಾತು ಸ್ವಲ್ಪ. 1952ರ ಗಣಿ ಕಾಯ್ದೆ ಕಟ್ಟಡದ ಕಲ್ಲಿನ ಸಣ್ಣ ಬಯಲು ಖಣಿಗಳಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ಆಳ 6 ಮೀಟರು ಮೀರಿದರೆ, ದುಡಿಯುವವರು 50 ಮೀರಿದರೆ, ಇಲ್ಲವೇ ಮದ್ದು ಬಳಸಿದರೆ, ಮೂರರಲ್ಲಿ ಒಂದಾದರೂ ಸಾಕು, ಆ ಖಣಿ ಪೂರ್ತಿ ಗಣಿಯೇ ಎಂದು ಅದು ಹೇಳಿತ್ತು. ಇದು ಗೊತ್ತಿದ್ದವರು ಕಡಿಮೆ. ಹದಿನೆಂಟು ತುಂಬದವರನ್ನು ಗಣಿಯಲ್ಲಿ ದುಡಿಸುವುದು ಅಪರಾಧ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಬಂದಿದೆ. ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು ಎಂಬುದು ಅದರಲ್ಲಿದೆ.

ಆ ಕಾಗದದ ಬೆಲೆ ಖಣಿಯ ಮನೆಗಳಿಗೆ ಬೇರೆಯವರಿಗಿಂತ ಹೆಚ್ಚು. ಸಿಲಿಕೋಸಿಸ್ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಆದರೆ ಬಿದ್ದ ಕಲ್ಲಿಗೆ ಸಾಕ್ಷಿ ಅಲ್ಲೇ ಇರುತ್ತದೆ. ಹದಿನೈದು ವರ್ಷದ ಹಿಂದೆ ಉಸಿರಿನೊಳಗೆ ಹೋದ ದೂಳಿಗೆ ಸಾಕ್ಷಿ ಎಲ್ಲಿಂದ ತರುವುದು? ಅಷ್ಟು ಹೊತ್ತಿಗೆ ಆ ಖಣಿ ಮುಚ್ಚಿರುತ್ತದೆ, ಗುತ್ತಿಗೆದಾರ ಬದಲಾಗಿರುತ್ತಾನೆ, ಕೂಲಿ ಕೈಯಿಂದ ಕೈಗೆ ಬಂದಿರುತ್ತದೆ. ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳು ಒಂದು ನೋಟುಪುಸ್ತಕ ಇಡಬಹುದು: ಅಪ್ಪ ಯಾವ ವರ್ಷ, ಯಾವ ಊರಿನ ಖಣಿಯಲ್ಲಿ, ಯಾವ ಕಲ್ಲು ಒಡೆಯುತ್ತಿದ್ದರು, ಡ್ರಿಲ್ ಹಿಡಿಯುತ್ತಿದ್ದರೋ ಕ್ರಷರಿನಲ್ಲಿದ್ದರೋ, ಜೊತೆಗೆ ಯಾರಿದ್ದರು, ಕೂಲಿ ಚೀಟಿ ಸಿಕ್ಕಿದ್ದರೆ ಅದು. ಕೆಮ್ಮು ಬಿಡದೆ ತಾಲ್ಲೂಕಾಸ್ಪತ್ರೆಗೆ ಹೋದಾಗ ಕಫದ ಪರೀಕ್ಷೆಯ ಜೊತೆ ಎದೆಯ ಎಕ್ಸ್‌ರೇ ಕೇಳಬೇಕು, ಮತ್ತು ಆ ಪುಸ್ತಕವನ್ನು ವೈದ್ಯರ ಮುಂದೆ ಇಡಬೇಕು. ಬೆಣಚುಕಲ್ಲು ಎಂಬ ಒಂದು ಪದ ಕಂಡರೆ ಅವರು ಎಕ್ಸ್‌ರೇಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ.